ಅಮೆರಿಕದ ಯುದ್ಧ ಹದಡಿಗೆ ಬಂದದ್ದು

ದಾವಣಗೆರೆಯ ದಾರಿಯಲ್ಲಿ ಬೇವಿನ ಮರದಲ್ಲಿ ಹತ್ತಿ ಬಿಡುತ್ತದೆ ಎಂದು ನಾನು ಊರಿಗೆ ಬರೆದ ಮೊದಲ ಕಾಗದದಲ್ಲಿ ಬರೆದಿದ್ದೆ. ಅಮ್ಮ ಅದನ್ನು ನೆರೆಕರೆಯವರಿಗೆಲ್ಲ ಓದಿ ಹೇಳಿದಳಂತೆ. ಊರಿನವರೇ, ನಿಮ್ಮಲ್ಲಿ ಕೆಲವರಾದರೂ ಅದನ್ನು ನಂಬಿ ಕೂತಿರಬಹುದು, ಆದ್ದರಿಂದ ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಅರವತ್ತೊಂದರ ಜನವರಿ ಅದು. ಶಿವಮೊಗ್ಗದಿಂದ ಬಂದ ಬಸ್ಸು ಹರಿಹರದಲ್ಲಿ ಒಂದಷ್ಟು ಹೊತ್ತು ನಿಂತು ದಾವಣಗೆರೆಯ ರಸ್ತೆ ಹಿಡಿಯಿತು. ಕಿಟಕಿಯಿಂದ ನೋಡುತ್ತೇನೆ, ರಸ್ತೆಯ ಎರಡೂ ಬದಿಯ ಬೇವಿನ ಮರಗಳ ಕೊಂಬೆ ಕೊಂಬೆಗೂ ಬೆಳ್ಳಗೆ ಹತ್ತಿ! ಕುಂದಾಪುರದ ಕಡೆಯ ನನಗೆ ಹತ್ತಿ ಎಂದರೆ ದೇವರ ದೀಪದ ಬತ್ತಿ, ಇಲ್ಲವೇ ಕಿವಿಗೆ ಇಡುವ ತುಣುಕು. ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರನ್ನು, "ಈ ಮರದ ಹತ್ತಿಯನ್ನು ಯಾರು ಕೊಯ್ಯುತ್ತಾರೆ?" ಎಂದು ಕೇಳಿಯೇಬಿಟ್ಟೆ.

"ಮರದ್ದಲ್ಲವ್ವಾ ಅದು, ಗಾಡಿದು! ಎಲ್ಲಿಂದ ಬಂದ್ರಿ ನೀವು?" ಎಂದು ಅವರು ಗಟ್ಟಿಯಾಗಿ ಕೇಳಿದರು. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಹೊಳೆಯಾಚೆಯಿಂದ ಹರಿಹರದ ಸೇತುವೆ ದಾಟಿ ಬರುವ ಎತ್ತಿನ ಗಾಡಿಗಳಲ್ಲಿ ಆಳೆತ್ತರದ ಗೋಣಿ ಮೂಟೆ ಹೇರಿರುತ್ತಾರೆ. ಅದಕ್ಕೆ ಇಲ್ಲಿ ಅಂಡಿಗೆ ಎನ್ನುತ್ತಾರೆ. ಮೂಟೆಯಿಂದ ಹೊರಗೆ ಇಣುಕುವ ಹತ್ತಿ ಕೊಂಬೆಗೆ ತಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿಗಳು ಹೋಗುತ್ತವೆ, ಹತ್ತಿ ಮರದಲ್ಲೇ ಉಳಿಯುತ್ತದೆ, ನನ್ನಂಥವರು ಬಂದು ಮೋಸ ಹೋಗುತ್ತೇವೆ.

ರಾಜ್ಯ ಒಂದಾದ ಮೇಲೆ ಘಟ್ಟದ ಕೆಳಗಿನವರಿಗೂ ಈ ಕಡೆ ಕೆಲಸ ಸಿಗತೊಡಗಿದೆ. ನನಗೆ ಸಿಕ್ಕಿದ್ದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವ ಕೆಲಸ. ಕೆಲಸವೇನೋ ಸಿಕ್ಕಿತು, ಮನೆ ಸಿಗಬೇಕಲ್ಲ! ಪಿ.ಜೆ. ಬಡಾವಣೆಯಲ್ಲಿ ಅಚ್ಚುಕಟ್ಟಾದ ಮನೆಗಳಿದ್ದವು. ಯಜಮಾನರು ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ "ಒಬ್ರೇ ಏನ್ರಿ?" ಎನ್ನುತ್ತಿದ್ದರು, ಕೊನೆಗೆ ಮೆತ್ತಗೆ "ಮೀನ ತಿಂತೀರೇನು?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಮೀನು ತಿನ್ನುತ್ತೀರಾ ಎಂದು ಯಾರೂ ಕೇಳುವುದಿಲ್ಲ, ಇವತ್ತು ಯಾವ ಮೀನು ಎಂದು ಕೇಳುತ್ತಾರೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಾಲ್ಕು ಮನೆಯ ಬಾಗಿಲು ಹಾಗೆಯೇ ಮುಚ್ಚಿತು.

ಕೊನೆಗೆ ಕೋಣೆ ಕೊಟ್ಟವರು ಮಂಡಿಪೇಟೆಯ ಹಿಂದಿನ ಓಣಿಯ ಹುಸೇನ್‌ಸಾಬರು. ಅವರು ಪಿಂಜಾರರು. ಅಂದರೆ ಹತ್ತಿ ಹಿಂಜಿ ಗಾದಿ, ದಿಂಬು ಮಾಡಿಕೊಡುವ ಕುಲಕಸುಬಿನವರು. ಮನೆಯ ಪಡಸಾಲೆಯಲ್ಲಿ ಆಳಿಗಿಂತ ಉದ್ದದ ಬಿಲ್ಲೊಂದು ತೂಗುತ್ತದೆ. ಅದರ ನಾರಿಗೆ ಮರದ ಕೊಡತಿಯಿಂದ ಹೊಡೆದರೆ ಟಂಯ್ ಟಂಯ್ ಎನ್ನುತ್ತ ಗಂಟು ಗಂಟಾದ ಹತ್ತಿ ಬಿಡಿಬಿಡಿಯಾಗಿ ಏಳುತ್ತದೆ. ಇನ್ನೊಮ್ಮೆ ತಿರಸ್ಕಾರವಾಗುವುದು ಬೇಡವೆಂದು ನಾನೇ ಮುಂದಾಗಿ, "ನಾನು ಮೀನು ತಿನ್ನುತ್ತೇನೆ" ಎಂದೆ. ಅವರ ಹೆಂಡತಿ ಫಾತಿಮಾಬಿ ನಕ್ಕು, "ತಿನ್ರಿ, ನಮಗೂ ಒಂದ್ ತುಂಡ್ ಕೊಡ್ರಿ. ಮೀನ್ ಮಾಡಾಕ ಬರೋರು ಮನಿಯಾಗ ಇದ್ರ ಬ್ಯಾಡ ಅಂತೀವೇನು?" ಎಂದರು. ಆ ಕ್ಷಣದಲ್ಲಿ ನನಗೆ ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆನ್ನಿಸಿತು.

ಮೀನಿಗಾಗಿ ನಾವಿಬ್ಬರೂ ಭಾನುವಾರ ಹರಿಹರಕ್ಕೆ ಹೋಗುತ್ತಿದ್ದೆವು. ಅಲ್ಲಿ ಅವರ ಮಗಳ ಮನೆಯಿದೆ, ತುಂಗಭದ್ರೆಯ ಮೀನು ತಾಜಾ ಸಿಗುತ್ತದೆ. ಹೊಳೆಯ ಮೀನಿಗೆ ನಮ್ಮ ಬಂಗುಡೆಯ ಘಮ ಇಲ್ಲ, ಮುಳ್ಳೋ ಎಣಿಸಲಾರದಷ್ಟು. ಆದರೂ ಫಾತಿಮಾಬಿ ಕಾಸಿದ ಸಾರಿನಲ್ಲಿ ಜೋಳದ ರೊಟ್ಟಿ ಅದ್ದಿ ತಿಂದರೆ, ಕುಚ್ಚಲಕ್ಕಿ ಇಲ್ಲದೆ ಬದುಕಲಾರೆ ಎಂದು ಅಳುತ್ತಿದ್ದವಳು ನಾನೇನಾ ಎನ್ನಿಸುತ್ತದೆ. ಮೊದಲ ತಿಂಗಳು ಅತ್ತದ್ದು ನಿಜ. ಸಮುದ್ರದ ಸದ್ದಿಲ್ಲದೆ ನಿದ್ದೆಯೇ ಹತ್ತುತ್ತಿರಲಿಲ್ಲ. ಇಲ್ಲಿ ಒಣಗಾಳಿ, ಒಣಗಿದ ತುಟಿ, ಮೈಗೆ ಅಂಟುವ ಹತ್ತಿಯ ಎಳೆ. ತೆಂಗಿನಕಾಯಿಯನ್ನು ಅಂಗಡಿಯಲ್ಲಿ ಕೊಳ್ಳಬೇಕು ಎಂದರೆ ನಮ್ಮೂರಿನಲ್ಲಿ ಯಾರು ನಂಬುತ್ತಾರೆ?

ಶಾಲೆಯಲ್ಲಿ ನನ್ನ ಪುಸ್ತಕದ ಕನ್ನಡ ಕೇಳಿ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಟೀಚರಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ಎಷ್ಟು ಚೆಂದ ನೋಡಿ! ಊರಲ್ಲಿ ಯಾರಿಗೂ ಅಕ್ಕನಾಗದವಳು ಇಲ್ಲಿ ನಲವತ್ತು ಜನರಿಗೆ ಅಕ್ಕನಾದೆ. ಆ ನಲವತ್ತರಲ್ಲಿ ಇಬ್ಬರ ಹೆಸರು ಮಾತ್ರ ನೀವು ನೆನಪಿಟ್ಟುಕೊಂಡರೆ ಸಾಕು. ಮುಂದಿನ ಬೆಂಚಿನ ಗಿರಿಜ, ದಾವಣಗೆರೆಯ ಹತ್ತಿರದ ಹಳ್ಳಿ ಹದಡಿಯಲ್ಲಿ ದೊಡ್ಡ ಜಮೀನು ಇರುವವರ ಮಗಳು. ಅವಳ ತಂದೆ ನಮ್ಮ ಶಾಲೆಯ ಕಮಿಟಿಯಲ್ಲೂ ಇದ್ದರು. ಹಿಂದಿನ ಬೆಂಚಿನ ಹನುಮಕ್ಕ, ಅದೇ ಹದಡಿಯಿಂದ ದಿನವೂ ನಡೆದು ಬರುವವಳು. ಲೆಕ್ಕದಲ್ಲಿ, ಚರಿತ್ರೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಆ ವರ್ಷದ ಕೊನೆಯ ಹೊತ್ತಿಗೆ ಹತ್ತನೆಯ ತರಗತಿಗೆ ಅಮೆರಿಕದ ಅಂತರ್ಯುದ್ಧದ ಪಾಠ ಬಂತು. ನನಗೆ ಆ ಯುದ್ಧದ ಹುಚ್ಚು ಕಾಲೇಜಿನಿಂದಲೇ ಹಿಡಿದಿತ್ತು. ಒಂದೇ ದೇಶ, ಒಂದೇ ಭಾಷೆ, ಆದರೂ ಉತ್ತರದವರು ದಕ್ಷಿಣದವರು ನಾಲ್ಕು ವರ್ಷ ಕಡಿದಾಡಿದರು. ದಕ್ಷಿಣದ ಸಿರಿವಂತಿಕೆಯೆಲ್ಲ ಹತ್ತಿಯದು, ಆ ಹತ್ತಿ ಬಿಡಿಸುವವರು ಹಣಕ್ಕೆ ಮಾರಿಹೋದ ಕರಿಯ ಜನ. ಗೆಟಿಸ್‌ಬರ್ಗ್ ಎಂಬ ಊರಿನ ಬಯಲಲ್ಲಿ ಮೂರು ದಿನ ತೋಪಿಗೆ ಎದೆಕೊಟ್ಟು ನಡೆದ ಸೈನಿಕರು, ವಿಕ್ಸ್‌ಬರ್ಗ್ ಎಂಬ ಹೊಳೆದಂಡೆಯ ಊರು ಮುತ್ತಿಗೆಗೆ ಸಿಕ್ಕಾಗ ಹೇಸರಗತ್ತೆಯ ಮಾಂಸ ತಿಂದು ದಿನ ದೂಡಿದ ಜನ, ಗೆದ್ದ ಬೆನ್ನಿಗೇ ಗುಂಡೇಟಿಗೆ ಸತ್ತ ಗಡ್ಡದ ಅಧ್ಯಕ್ಷರು. ನಾನು ಮೇಜು ಕುಟ್ಟಿ ಕುಟ್ಟಿ ಹೇಳಿದೆ. ಅರ್ಧ ಕ್ಲಾಸು ಆಕಳಿಸುತ್ತಿತ್ತು. ಗಿರಿಜ ಎದ್ದು ನಿಂತು ಕೇಳಿದಳು: "ಅವ್ರ ಜಗಳ ನಮಗ್ಯಾಕ್ರಿ ಅಕ್ಕೋರೆ?"

ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದೆ. ಹುಸೇನ್‌ಸಾಬರು ಬಿಲ್ಲು ನಿಲ್ಲಿಸಿ ಏನಾಯಿತೆಂದು ಕೇಳಿದರು. ನಾನು ಯುದ್ಧದ ಕಥೆಯನ್ನೆಲ್ಲ ಹೇಳಿದೆ. ದಕ್ಷಿಣದ ಬಂದರುಗಳನ್ನು ಉತ್ತರದ ಹಡಗುಗಳು ಮುಚ್ಚಿದ್ದರಿಂದ ಹತ್ತಿ ಹೊರಗೆ ಹೋಗಲೇ ಇಲ್ಲ ಎಂದಾಗ ಅವರು ಕೊಡತಿ ಕೆಳಗಿಟ್ಟು ನೆಟ್ಟಗೆ ಕೂತರು.

"ಅದು ಆ ಯುದ್ಧನಾ! ನಮ್ಮಜ್ಜ ಹೇಳ್ತಿದ್ದ. ಸಮುದ್ರದಾಚೆ ಎಲ್ಲೋ ಕಾಳಗ ಆತಂತೆ, ಇಲ್ಲಿ ಹತ್ತಿ ಬಂಗಾರ ಆತಂತೆ. ಜ್ವಾಳದ ಹೊಲಕ್ಕೆಲ್ಲ ಹತ್ತಿ ಹಾಕಿದ್ರು. ಎತ್ತಿನ ಕೊಂಬಿಗೆ ಬೆಳ್ಳಿ ಕಟ್ಟಿದ್ರು ನೋಡ್ರಿ, ಅಷ್ಟು ರೊಕ್ಕ."

"ಹಾಗಾದರೆ ನಿಮಗೂ ಒಳ್ಳೆಯ ಕಾಲ?"

"ನಮಗೆಲ್ಲಿ ಬರ್ತೈತೆ? ಹತ್ತಿ ಎಲ್ಲ ಬಂದರಕ್ಕ ಹೋತು, ಗಾದಿ ತುಂಬಾಕ ಹಿಡಿ ಹತ್ತಿ ಇಲ್ಲ. ನಮ್ಮ ಮುತ್ತಜ್ಜ ಬಿಲ್ಲು ಗೂಟಕ್ಕ ಹಾಕಿ ಕೂಲಿಗೆ ಹೋದ. ಆಮ್ಯಾಲೆ ಒಂದ್ ವರ್ಷ ಯಾಪಾರಸ್ತರು ಬರ್ಲೇ ಇಲ್ಲ. ಯುದ್ಧ ನಿಂತೈತೆ ಅಂದ್ರು. ಬೆಳ್ಳಿ ಕಟ್ಟಿದವ್ರೂ ಕೂಲಿಗೆ ಬಂದ್ರು."

ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಪುಟವೊಂದು ನಾನು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ಕೂತಿತ್ತು! ಮರುದಿನ ಒಂದು ಮುಷ್ಟಿ ಹತ್ತಿ ಹಿಡಿದುಕೊಂಡು ಕ್ಲಾಸಿಗೆ ಓಡಿದೆ. ಇದೇ ಹತ್ತಿ, ಇದೇ ಯುದ್ಧ, ನಿಮ್ಮ ಮುತ್ತಜ್ಜಂದಿರ ಎತ್ತಿನ ಕೊಂಬು ಎಂದು ಹೇಳಿದೆ. ಈ ಸಲ ಯಾರೂ ಆಕಳಿಸಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬಂದ ಕಥೆಗಳನ್ನು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಆ ಹುರುಪಿನಲ್ಲೇ, ವಾರ್ಷಿಕೋತ್ಸವಕ್ಕೆ ಈ ಯುದ್ಧವನ್ನು ನಾಟಕ ಮಾಡೋಣ ಎಂದುಬಿಟ್ಟೆ.

ನನ್ನ ತಪ್ಪು ಇಲ್ಲಿಂದ ಶುರುವಾಗುತ್ತದೆ. ದಕ್ಷಿಣದ ಹತ್ತಿತೋಟದ ಯಜಮಾನನ ಪಾತ್ರವನ್ನು ಗಿರಿಜಳಿಗೆ ಕೊಟ್ಟೆ, ಅವಳ ಮನೆಯಲ್ಲಿ ಜರಿಯ ರುಮಾಲು ಇತ್ತು. ಮಾರಾಟವಾಗುವ ಗುಲಾಮಳ ಪಾತ್ರವನ್ನು ಹನುಮಕ್ಕನಿಗೆ ಕೊಟ್ಟೆ. ಯಾಕೆಂದು ಕೇಳಿದರೆ ನಾಚಿಕೆಯಾಗುತ್ತದೆ. ಎತ್ತರವಿದ್ದಳು, ಹಿಂದಿನ ಬೆಂಚಿನಲ್ಲಿದ್ದಳು, ಕಪ್ಪಗಿದ್ದಳು. ಮೂರನ್ನೂ ನೋಡಿಯೇ ಕೊಟ್ಟೆ. ಅವಳಿಗೆ ಒಂದು ಮಾತೂ ಬರೆದಿರಲಿಲ್ಲ. ಸುಮ್ಮನೆ ನಿಲ್ಲುವುದು, ಕೊನೆಗೆ ಉತ್ತರದ ಸೈನ್ಯ ಬಂದು ಬಿಡುಗಡೆ ಮಾಡಿದಾಗ ಕೈಮುಗಿಯುವುದು ಅಷ್ಟೇ.

ಅಭ್ಯಾಸದ ದಿನ ವ್ಯಾಪಾರಿಯ ಪಾತ್ರದವಳಿಗೆ, ಬೆಲೆಯನ್ನು ಗಟ್ಟಿಯಾಗಿ ಕೂಗು ಎಂದೆ. ಹುಡುಗಿಯರೆಲ್ಲ, "ಹಂಗಲ್ರೀ ಅಕ್ಕೋರೆ, ಯಾಪಾರ ಅಂದ್ರ ಟವೆಲ್ ಬೇಕು" ಎಂದರು. ಮಂಡಿಯಲ್ಲಿ, ದನದ ಸಂತೆಯಲ್ಲಿ ಇಲ್ಲಿನವರು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನನಗೆ ಖುಷಿಯೋ ಖುಷಿ, ಚಪ್ಪಾಳೆ ತಟ್ಟಿದೆ. ಗಿರಿಜ ಮತ್ತು ವ್ಯಾಪಾರಿ ಟವೆಲಿನ ಕೆಳಗೆ ಕೈ ಹಿಡಿದರು. ಬಟ್ಟೆಯ ಅಡಿಯಲ್ಲಿ ಬೆರಳುಗಳು ಆಡಿದವು. ಹನುಮಕ್ಕ ಅದನ್ನೇ ನೋಡುತ್ತ ನಿಂತಿದ್ದಳು. ಗಿರಿಜ ಕೈ ಹಿಂದಕ್ಕೆಳೆದುಕೊಂಡು, "ನನಗ ಈ ಪಾರ್ಟು ಬ್ಯಾಡ್ರಿ" ಎಂದಳು. ಸಭಾಕಂಪನ ಎಂದುಕೊಂಡು ಗದರಿದೆ. ಅದನ್ನೇ ಎರಡು ಸಲ ಮಾಡಿಸಿದೆ.

ಮರುದಿನ ಹನುಮಕ್ಕ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಗಿರಿಜ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದಳು: "ಅಕ್ಕೋರೆ, ಅವಳಪ್ಪ ದ್ಯಾಮಪ್ಪ ನಮ್ಮ ಮನಿ ಜೀತದಾಳು. ನಾಟಕದ ಸುದ್ದಿ ನಮ್ಮಪ್ಪಗ ಗೊತ್ತಾಗೈತೆ. ಹನುಮಕ್ಕ ಇನ್ನ ನಮ್ಮ ಮನಿ ಕೆಲಸಕ್ಕ ಬರ್ತಾಳಂತೆ."

ಪಬ್ಲಿಕ್ ಪರೀಕ್ಷೆಯ ಅರ್ಜಿ ತುಂಬಲು ಒಂದೇ ವಾರ ಉಳಿದಿತ್ತು. ಅರ್ಜಿ ಹೋಗದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಆ ಹುಡುಗಿ ಜೀವಮಾನವೆಲ್ಲ ಆ ಹಿತ್ತಲಿನಲ್ಲಿ ಪಾತ್ರೆ ತಿಕ್ಕಬೇಕು. ಅದಕ್ಕೆ ಕಾರಣ ಚಪ್ಪಾಳೆ ತಟ್ಟಿದ ನಾನು. ಫಾತಿಮಾಬಿಯ ಮುಂದೆ ಅತ್ತೆ. ಅವರು ಕೇಳುವಷ್ಟು ಕೇಳಿ, "ಅತ್ರ ಅರ್ಜಿ ತುಂಬ್ತೈತೇನು? ಏಳ್ರಿ. ಹದಡಿಯಾಗ ಯಾವ ಮನಿ ಗಾದಿ ನಾವು ಮಾಡಿಲ್ಲ? ನಾನ್ ಬರ್ತೀನಿ" ಎಂದರು.

ದ್ಯಾಮಪ್ಪನ ಮನೆ ಊರ ಹೊರಗಿತ್ತು. ಗಿಡ್ಡ ಬಾಗಿಲು, ಸಾರಿಸಿದ ನೆಲ, ಮೂಲೆಯಲ್ಲಿ ಹನುಮಕ್ಕನ ಪುಸ್ತಕಗಳನ್ನು ಕಟ್ಟಿಟ್ಟ ಗಂಟು. ಅವನು ನಮಗೆ ಕಂಬಳಿ ಹಾಸಿ, ತಾನು ನಿಂತೇ ಇದ್ದ. ನಾನು ಕ್ಷಮೆ ಕೇಳಿದೆ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಮತ್ತೆ ಹಾಕಿಕೊಂಡ.

"ನಾಟಕಕ್ಕ ನಾನು ಬ್ಯಾಸರ ಮಾಡ್ಕೊಂಡಿಲ್ರಿ" ಎಂದಳು ಹನುಮಕ್ಕ ಒಳಗಿನಿಂದ ಬಂದು. ಅವಳ ದನಿಯಲ್ಲಿ ಸಿಟ್ಟಿತ್ತು. "ಅದ್ರ ಕಡೀಕ ಕೈಮುಗಿ ಅಂತ ಬರ್ದೀರಿ. ಕೈಮುಗುದು ಎಲ್ಲಿಗೆ ಹೋಗ್ಬೇಕು ನಾನು? ಯುದ್ಧ ಮುಗಿದ ಮ್ಯಾಲೆ ಅವ್ರಿಗೆ ಹೊಲ ಕೊಟ್ರೇನ್ರಿ ಅಕ್ಕೋರೆ?"

ಓದುಗರೇ, ಮೂರು ದಿನದ ಕಾಳಗವನ್ನು ಗಂಟೆಗಟ್ಟಲೆ ವರ್ಣಿಸಿದ ನನಗೆ ಈ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ. ನಮ್ಮ ಪಠ್ಯದಲ್ಲಿ ಪಾಠ ಬಿಡುಗಡೆಯ ಹತ್ತಿರ ಮುಗಿಯುತ್ತದೆ. ಕಾಲೇಜಿನಲ್ಲಿ ಓದಿದ್ದನ್ನು ನೆನಪು ಮಾಡಿಕೊಂಡು ನಿಜ ಹೇಳಿದೆ: "ಇಲ್ಲ. ಹೆಚ್ಚಿನವರಿಗೆ ಏನೂ ಕೊಡಲಿಲ್ಲ. ಬಹಳಷ್ಟು ಜನ ಹಳೆಯ ಯಜಮಾನರ ಹೊಲವನ್ನೇ ಪಾಲಿಗೆ ಮಾಡಿದರು."

ದ್ಯಾಮಪ್ಪ ತಲೆಯೆತ್ತಿದ. "ಕೋರಿಗೆ ಹಾಕ್ಕೊಂಡ್ರು ಅನ್ರಿ" ಎಂದ. ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ ಈ ಕಡೆ ಕೋರು ಎನ್ನುತ್ತಾರೆ. ಅಮೆರಿಕದ ಆ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ಕಾಲೇಜು ಬೇಕಾಯಿತು, ಅವನಿಗೆ ಅರ್ಧ ಗಳಿಗೆಯೂ ಬೇಕಾಗಲಿಲ್ಲ.

"ಯುದ್ಧ ಆಗಿ ಎಷ್ಟ್ ವರ್ಷ ಆತ್ರಿ?"

"ನೂರು ವರ್ಷ."

"ಅವ್ರ ಮಕ್ಳು ಮೊಮ್ಮಕ್ಳು ಈಗ ಹೆಂಗದಾರೆ?"

"ಈಗಲೂ ಬಸ್ಸಿನಲ್ಲಿ ಬೇಕಾದ ಕಡೆ ಕೂರಲು, ಹೋಟೆಲಿನಲ್ಲಿ ಎಲ್ಲರ ಜೊತೆ ಉಣ್ಣಲು ಹೋರಾಡುತ್ತಿದ್ದಾರೆ. ಹೊಡೆತ ತಿನ್ನುತ್ತಿದ್ದಾರೆ. ಈ ವರ್ಷ ಪೇಪರಿನಲ್ಲಿ ಬಂದಿತ್ತು."

"ನೂರ್ ವರ್ಷ ಆದ್ಮ್ಯಾಲೂನಾ?"

"ಹೌದು."

ಎಲ್ಲ ಕೆಟ್ಟಿತು ಎಂದುಕೊಂಡೆ. ಧೈರ್ಯ ಹೇಳಲು ಬಂದವಳು ಇಂಥ ಸುದ್ದಿ ಹೇಳುತ್ತಾಳೆಯೇ! ಫಾತಿಮಾಬಿ ನನ್ನ ಮೊಣಕೈ ಚಿವುಟಿದರು. ದ್ಯಾಮಪ್ಪ ಒಮ್ಮೆ ಬಾಗಿಲ ಹೊರಗೆ ನೋಡಿದ. ಆಮೇಲೆ ಪುಸ್ತಕದ ಗಂಟನ್ನು ತಾನೇ ಎತ್ತಿ ತಂದು ನನ್ನ ಮುಂದೆ ಇಟ್ಟ.

"ಯುದ್ಧ ಮಾಡಿದವ್ರಿಗೇ ನೂರ್ ವರ್ಷ ಸಾಲಲಿಲ್ಲ ಅಂದ್ರ, ನಾವು ಇನ್ನಾ ಶುರುನ ಮಾಡಿಲ್ಲಲ್ರಿ. ಇವತ್ತೇ ಕರ್ಕೊಂಡ್ ಹೋಗ್ರಿ. ಧಣಿಗೆ ನಾನ್ ಹೇಳ್ಕಂತೀನಿ."

ನಾನು ಕೂಗಿಬಿಟ್ಟೆ. ಏನು ಕೂಗಿದೆನೋ ನೆನಪಿಲ್ಲ, ನಮ್ಮೂರ ಮಾತಿನಲ್ಲೇ ಏನೋ ಕೂಗಿದೆ. ಹನುಮಕ್ಕ ನಕ್ಕಳು. ಸಂಜೆಯೊಳಗೆ ಅವಳು ನನ್ನ ಕೋಣೆಯಲ್ಲಿದ್ದಳು. ಹುಸೇನ್‌ಸಾಬರು ಏನೂ ಕೇಳದೆ ಹೊಸ ಹತ್ತಿ ಹಿಂಜಿ ಒಂದು ಗಾದಿ ತುಂಬಿ ಕೊಟ್ಟರು. ಅರ್ಜಿ ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಹೋಯಿತು.

ನಾಟಕ ನಡೆಯಲಿಲ್ಲ. ಹೆಡ್‌ಮಿಸ್ಟ್ರೆಸ್ ಕರೆದು, ಯುದ್ಧ ಪುಸ್ತಕದಲ್ಲೇ ಇರಲಿ ಬಿಡಿ ಎಂದರು. ಕಮಿಟಿಯಲ್ಲಿ ನನ್ನ ಮಾತು ಬಂದಿದೆ ಎಂದೂ ಹೇಳಿದರು, ಆದರೆ ಕೆಲಸ ಹೋಗಲಿಲ್ಲ. ದ್ಯಾಮಪ್ಪ ಬೈಸಿಕೊಂಡ, ಅದೇ ಮನೆಯಲ್ಲಿ ಜೀತ ಮುಂದುವರಿಸಿದ. ಒಂದು ಮಧ್ಯಾಹ್ನ ಗಿರಿಜ ಓಣಿ ಹುಡುಕಿಕೊಂಡು ಬಂದಳು. ತಪ್ಪಿಹೋದ ಪಾಠಗಳ ನೋಟ್ಸನ್ನು ದುಂಡಗೆ ಬರೆದು ತಂದಿದ್ದಳು. ಹೊಸ್ತಿಲ ಹೊರಗೇ ನಿಂತು ಕೈ ಚಾಚಿದಳು. ಹನುಮಕ್ಕ ತೆಗೆದುಕೊಳ್ಳದೆ, "ಒಳಗ ಬಂದು ಕೊಡು" ಎಂದಳು. ಗಿರಿಜ ಹಿಂದೆ ಮುಂದೆ ನೋಡಿ, ಒಳಗೆ ಬಂದು, ಆ ಗಾದಿಯ ಮೇಲೇ ಕೂತಳು. ಪರೀಕ್ಷೆಯವರೆಗೂ ಆಗಾಗ ಬರುತ್ತಿದ್ದಳು. ಫಾತಿಮಾಬಿ ಮಾಡಿದ ಮೆಣಸಿನಕಾಯಿ ಬಜ್ಜಿ ತಿಂದು, ಮಂಡಕ್ಕಿ ಮುಕ್ಕಿ, ಇಬ್ಬರೂ ಜೋರಾಗಿ ಜಗಳವಾಡುತ್ತ ಓದುತ್ತಿದ್ದರು.

ಈ ಬೇಸಿಗೆಯಲ್ಲಿ ನಾನು ಊರಿಗೆ ಬಂದದ್ದನ್ನು ನೀವು ನೋಡಿದ್ದೀರಿ. ರೊಟ್ಟಿ ತಟ್ಟಿ ತೋರಿಸಿದ್ದಕ್ಕೆ ನಕ್ಕಿದ್ದೀರಿ, ಮಾತಿನ ಕೊನೆಗೆ 'ರೀ' ಸೇರಿಸುತ್ತೇನೆಂದು ಅಣಕಿಸಿ ಘಟ್ಟದ ಮೇಲಿನವಳು ಎಂದು ಕರೆದಿದ್ದೀರಿ. ದಾವಣಗೆರೆಯಲ್ಲಿ ನಾನಿನ್ನೂ ಘಟ್ಟದ ಕೆಳಗಿನವಳೇ. ಒಂದು ಬೆಳಿಗ್ಗೆ ಅಂಚೆಯವರು ಕಾರ್ಡು ತಂದರು. ಹನುಮಕ್ಕನ ಅಕ್ಷರ: ಪಾಸಾಗಿದ್ದೇನೆ, ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕುತ್ತಿದ್ದೇನೆ, ಬೇಗ ಬನ್ನಿ. ನಾನು ಅಂಗಳದಲ್ಲೇ ಕುಣಿದಾಡಿದೆ. ಗುಡಿಸುತ್ತಿದ್ದ ಚಿಕ್ಕು ಹಿಡಿಸೂಡಿ ನಿಲ್ಲಿಸಿ, "ಯಾರ್ ಪಾಸಾದ್ದ್ ಅಮ್ಮಾ?" ಎಂದು ಕೇಳಿದಳು.

"ಒಬ್ಬ ಜೀತದಾಳಿನ ಮಗಳು. ಜೀತ ಅಂದರೆ..." ಎಂದು ವಿವರಿಸಲು ಹೊರಟವಳ ಮಾತು ಬಾಯಲ್ಲೇ ನಿಂತಿತು. ಚಿಕ್ಕು ಹುಟ್ಟಿನಿಂದಲೇ ನಮ್ಮ ಮನೆಗೆ ಕಟ್ಟುಬಿದ್ದ ಮೂಲದಾಳು. ಅವಳ ಅಮ್ಮನೂ, ಅಜ್ಜಿಯೂ ನಮ್ಮ ಗದ್ದೆಯಲ್ಲೇ ಬಾಗಿದವರು. ಅವಳಿಗೆ ಗಂಜಿ ಹಾಕುವುದು ಅಂಗಳದಲ್ಲಿ, ಅವಳದ್ದೇ ಬೇರೆ ತಟ್ಟೆಗೆ. ಜೀತವೆಂದರೇನೆಂದು ನಾನು ಹೇಳುತ್ತಿದ್ದದ್ದು ಅವಳಿಗೆ! ಅಮೆರಿಕಕ್ಕೆ ಹೋಗಿ, ಹದಡಿಗೆ ಹೋಗಿ ಕಂಡದ್ದನ್ನು ನಾನು ಹುಟ್ಟಿದ ಅಂಗಳದಲ್ಲಿ ಕಂಡಿರಲಿಲ್ಲ.

ಅವಳು ತಡವರಿಸುತ್ತ ಹೇಳಿದಳು: "ನಮ್ಮ್ ಮೊಮ್ಮಗಳಿಗೂ ಎಂಟ್ ವರ್ಷ ಆಯ್ತ್ ಅಮ್ಮಾ. ಶಾಲೆಗ್ ಸೇರ್ಸ್ಕಂತ್ರಾ?"

ಆ ಹುಡುಗಿ ನಮ್ಮ ತೋಟದಲ್ಲೇ ಆಡಿ ಬೆಳೆದವಳು. ಅವಳ ಹೆಸರೇನೆಂದು ನಾನು ಕೇಳಬೇಕಾಯಿತು. ಲಚ್ಚಿಯಂತೆ.

ನಮ್ಮೂರ ಶಾಲೆ ಜೂನಿನ ಮೊದಲ ಸೋಮವಾರ ತೆರೆಯುತ್ತದೆ. ದಾವಣಗೆರೆಯ ಶಾಲೆಯೂ ಅವತ್ತೇ. ಅಲ್ಲಿ ಹಿಂದಿನ ಬೆಂಚಿನಲ್ಲಿ ಈ ವರ್ಷ ಯಾರು ಬಂದು ಕೂರುತ್ತಾರೋ ನಾನು ಹೋಗಿ ನೋಡಲೇಬೇಕು. ಇಲ್ಲಿ ಲಚ್ಚಿಯ ಕೈ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಲ್ಲಲೂ ನಾನೇ ಬೇಕು. ಎರಡೂ ನನ್ನ ಊರೇ, ಎರಡು ಕಡೆಯೂ ಒಂದೇ ಬೆಳಿಗ್ಗೆ ನಾನು ಇರಲಾರೆ. ಇದನ್ನು ಬಸ್ಸು ಹತ್ತುವ ಮೊದಲು ಬರೆದು ನಮ್ಮ ಕಡೆಯ ಪತ್ರಿಕೆಗೆ ಕಳಿಸುತ್ತಿದ್ದೇನೆ. ಓದಿದವರಲ್ಲಿ ಯಾರಾದರೊಬ್ಬರು ಆ ಸೋಮವಾರ ಅವಳನ್ನು ಶಾಲೆಗೆ ಕರೆದುಕೊಂಡು ಹೋಗಿ. ಮನೆ ನಿಮಗೆ ಗೊತ್ತಿದೆ. ಹೆಸರು ಲಚ್ಚಿ.